ರೂಷಾ ಮತ್ತು ಮಾತಿಲ್ಲದ ಕತ್ತಿಗಳು

ಸ್ಮೊಲಿಚ್ ಹಳ್ಳಿಯ ರೂಷಾ ಕೆಟ್ಟ ಹೆಂಗಸು. ಕಷ್ಟ ಅವಳನ್ನು ಕೆಡಿಸಿತು ಎಂದು ಹೇಳುವವರಿದ್ದಾರೆ, ಅದು ಸುಳ್ಳು. ಅವಳಷ್ಟೇ ಕಷ್ಟಪಟ್ಟ ಹೆಂಗಸರು ವರ್ದಾರ್ ನದಿಯ ಎರಡೂ ದಡದಲ್ಲಿ ಬೇಕಾದಷ್ಟಿದ್ದರು. ಅವರೆಲ್ಲ ಪಕ್ಕದ ಮನೆಯವರು ಕೇಳಿದರೆ ಒಂದು ಹಿಡಿ ಉಪ್ಪು ಕೊಡುತ್ತಿದ್ದರು. ರೂಷಾ ಕೊಡುತ್ತಿರಲಿಲ್ಲ. ತಾನು ಕೊಟ್ಟ ಪೆಟ್ಟು ಅವಳಿಗೆ ಸಂಜೆಯೊಳಗೆ ಮರೆತುಹೋಗುತ್ತಿತ್ತು, ತಿಂದ ಪೆಟ್ಟು ಮಾತ್ರ ಸಾಯುವ ತನಕ ನೆನಪಿರುತ್ತಿತ್ತು. ಕನಿಕರ ಎಂಬುದು ಅವಳಲ್ಲಿ ಬತ್ತಿಹೋದದ್ದಲ್ಲ, ಮೊದಲಿನಿಂದಲೂ ಇರಲಿಲ್ಲ.

ಅವಳು ರೇಷ್ಮೆ ನೂಲು ತೆಗೆಯುವವಳು. ಗೆವ್ಗೆಲಿ ಪಟ್ಟಣದ ಸುತ್ತಮುತ್ತ ಆಗ ಪ್ರತಿ ಮನೆಯಲ್ಲೂ ಹುಳು ಸಾಕುತ್ತಿದ್ದರು, ಆದರೆ ಕುದಿಯುವ ನೀರಿನಲ್ಲಿ ಗೂಡು ಬೇಯಿಸಿ ಎಳೆ ಹಿಡಿಯುವ ಕೈ ಎಲ್ಲರಿಗೂ ಇರಲಿಲ್ಲ. ರೂಷಾಳ ಬೆರಳುಗಳು ಬೆಂದು ಬೆಂದು ತೊಗಲಿನ ಹಾಗಾಗಿದ್ದವು. ಅಂಗಳದ ಒಲೆಯ ಮೇಲೆ ಅವಳ ಅತ್ತೆಯ ಕಾಲದ ತಾಮ್ರದ ಕೊಪ್ಪರಿಗೆ ಇತ್ತು. ದೊಡ್ಡ ಯುದ್ಧದಲ್ಲಿ ನಮ್ಮ ಗುಡ್ಡಗಳ ಮೇಲೇ ಸೈನ್ಯಗಳು ವರ್ಷಗಟ್ಟಲೆ ಬೀಡುಬಿಟ್ಟಿದ್ದಾಗ ಒಬ್ಬ ಸಿಪಾಯಿ ಆ ಕೊಪ್ಪರಿಗೆ ಹೊತ್ತುಕೊಂಡು ಹೋಗಲು ಬಂದ. ಅವನು ಯಾವ ಸೈನ್ಯದವನು ಎಂದು ಆಮೇಲೆ ಯಾರಾದರೂ ಕೇಳಿದರೆ, "ಕೊಪ್ಪರಿಗೆ ಕದಿಯೋ ಸೈನ್ಯದವನು" ಎನ್ನುತ್ತಿದ್ದಳು. ಅವಳು ಸೌಟು ತುಂಬ ಕುದಿನೀರು ಎತ್ತಿ ಅವನ ಮುಖಕ್ಕೆ ಎರಚಿದಳು. ಅವನ ಒಂದು ಕಣ್ಣು ಹೋಯಿತು. ಮಾರನೆಯ ದಿನ ಅವನ ಕಡೆಯವರು ಬಂದು, ಹೆಂಗಸನ್ನು ಹೊಡೆಯುವುದು ಬೇಡವೆಂದು, ಅವಳ ಗಂಡನನ್ನು ಬಂದೂಕಿನ ಹಿಡಿಯಿಂದ ಪಕ್ಕೆಲುಬು ಮುರಿಯುವ ಹಾಗೆ ಬಡಿದರು. ಆ ಚಳಿಗಾಲದಲ್ಲೇ ಅವನು ರಕ್ತ ಕೆಮ್ಮಿ ಸತ್ತ. ಹೆಣದ ಪಕ್ಕದಲ್ಲಿ ಕೂತ ಹೆಂಗಸರಿಗೆ ರೂಷಾ ಹೇಳಿದ್ದು ಒಂದೇ ಮಾತು: "ಕೊಪ್ಪರಿಗೆ ಉಳೀತು."

ಮೈದುನ ಹಿಪ್ಪುನೇರಳೆ ಮರಗಳಲ್ಲಿ ಪಾಲು ಕೇಳಲು ಬಂದಾಗ ರಾಟೆಯ ಹಿಡಿಕೆಯಿಂದ ಅವನ ಮುಂಗೈ ಮುರಿದಳು. ಅವನು ಮತ್ತೆ ಬರಲಿಲ್ಲ.

ಅವಳಿಗೆ ಇಬ್ಬರು ಗಂಡುಮಕ್ಕಳು. ದೊಡ್ಡವನು ದೀನೆ, ತಾಯಿಯ ಅಚ್ಚು. ಕುಡಿದರೆ ಜಗಳ, ಕುಡಿಯದಿದ್ದರೂ ಜಗಳ. ಚಿಕ್ಕವನು ಗೋನೊ, ಅಪ್ಪನ ಹಾಗೆ ಮೆದು. ಹುಳುಗಳಿಗೆ ಸೊಪ್ಪು ಹಾಕುವಾಗ ತಟ್ಟೆಯನ್ನು ಸದ್ದಾಗದಂತೆ ಇಡುತ್ತಿದ್ದ. ಅದನ್ನು ಕಂಡರೆ ರೂಷಾಳಿಗೆ ಮೈ ಉರಿಯುತ್ತಿತ್ತು.

ದೀನೆ ರುಸಾಲಿ ತಂಡದಲ್ಲಿದ್ದ. ಕ್ರಿಸ್ತ ಹುಟ್ಟಿದ ಹಬ್ಬಕ್ಕೂ ಅವನ ದೀಕ್ಷಾಸ್ನಾನದ ಹಬ್ಬಕ್ಕೂ ನಡುವೆ ಬರುವ ದಿನಗಳಲ್ಲಿ ನೀರು ಇನ್ನೂ ಪವಿತ್ರವಾಗಿರುವುದಿಲ್ಲ, ದೆವ್ವಗಳಿಗೆ ಹಗಲೂ ಒಂದೇ ರಾತ್ರಿಯೂ ಒಂದೇ. ಅವನ್ನು ಓಡಿಸಲು ಗಂಡಸರು ಜೋಡಿ ಜೋಡಿಯಾಗಿ, ಎದೆಯ ಮೇಲೆ ಕೆಂಪು ಪಟ್ಟಿಗಳನ್ನು ಅಡ್ಡಡ್ಡ ಬಿಗಿದು, ಬಿಚ್ಚುಗತ್ತಿ ಹಿಡಿದು ಊರಿಂದೂರಿಗೆ ಕುಣಿಯುತ್ತ ಹೋಗುತ್ತಾರೆ. ಮನೆ ಬಿಟ್ಟ ಗಳಿಗೆಯಿಂದ ಅವರಿಗೆ ಮಾತಿಲ್ಲ, ಶಿಲುಬೆಯ ಗುರುತು ಮಾಡುವಂತಿಲ್ಲ, ಎದುರಿಗೆ ಹೆತ್ತ ತಾಯಿ ಬಂದರೂ ನಮಸ್ಕಾರವಿಲ್ಲ. ರೋಗಿಗಳನ್ನು ಅಂಗಳದಲ್ಲಿ ಮಲಗಿಸಿದರೆ ಅವರ ಮೇಲಿಂದ ಹಾರಿ ಮುಂದೆ ಹೋಗುತ್ತಾರೆ. ಎರಡು ತಂಡಗಳು ಒಂದೇ ದಾರಿಯಲ್ಲಿ ಎದುರಾಗಬಾರದು. ಎದುರಾದರೆ ಒಂದು ತಂಡದವರು ಇನ್ನೊಂದು ತಂಡದವರು ಎತ್ತಿ ಹಿಡಿದ ಕತ್ತಿಗಳ ಕೆಳಗೆ ತಲೆ ತಗ್ಗಿಸಿ ನುಸುಳಬೇಕು. ತಗ್ಗಿಸದಿದ್ದರೆ ಹೊಡೆದಾಟ. ಸತ್ತವನನ್ನು ಬಿದ್ದ ಜಾಗದಲ್ಲೇ ಹೂಳುತ್ತಾರೆ. ಅವನಿಗೆ ಪಾದ್ರಿಯಿಲ್ಲ, ಅಳುವವರಿಲ್ಲ. ಕೊಂದವನಾರು ಎಂದು ಯಾರೂ ಹೇಳುವುದಿಲ್ಲ, ಯಾರೂ ಕೇಳುವುದೂ ಇಲ್ಲ. ಅಂಥ ಗೋರಿಗಳು ನಮ್ಮ ಹೊಲಗಳ ನಡುವೆ ಅಲ್ಲಲ್ಲಿ ಇವೆ; ಉಳುವವರು ನೇಗಿಲನ್ನು ಸುತ್ತುಹಾಕಿಸಿ ಮುಂದೆ ಹೋಗುತ್ತಾರೆ.

ಆ ವರ್ಷ ಸ್ಮೊಲಿಚ್ಚಿನ ತಂಡ ದೀಕ್ಷಾಸ್ನಾನದ ಹಬ್ಬದ ಬೆಳಿಗ್ಗೆ ಊರಿಗೆ ಮರಳಿದಾಗ ಒಬ್ಬ ಕಡಿಮೆಯಿದ್ದ. ತಂಡದ ಮುಖ್ಯಸ್ಥ ಮುದುಕ ವಾನೆ ನೇರವಾಗಿ ರೂಷಾಳ ಅಂಗಳಕ್ಕೆ ಬಂದು, ಸುತ್ತಿಟ್ಟ ಕೆಂಪು ಪಟ್ಟಿಯನ್ನು ಅವಳ ಕೈಗೆ ಕೊಟ್ಟ. ಪಟ್ಟಿ ಒಂದು ಕಡೆ ಒಣಗಿ ಮರದ ತೊಗಟೆಯ ಹಾಗೆ ಗಡುಸಾಗಿತ್ತು.

"ಎಲ್ಲಿ?" ಎಂದಳು ರೂಷಾ.

"ಕಣಿವೆ ಮೇಲಿನ ದಾರೀಲಿ. ಮಂಜು ಕವಿದಿತ್ತು."

"ಯಾರು?"

"ಮೇಲೂರಿನ ವ್ಲಾಖರ ತಂಡ."

"ತಂಡ ಅಲ್ಲ ವಾನೆ. ಯಾರು?"

"ಅದನ್ನ ಕೇಳೋ ಹಾಗಿಲ್ಲಮ್ಮ. ನಿನಗೂ ಗೊತ್ತು."

"ಈಗ ನೀನು ಬಾಯಿ ಬಿಡಬಹುದಲ್ಲ, ಹಬ್ಬ ಆಯ್ತಲ್ಲ."

"ಬಾಯಿ ಬಿಡಬಹುದು. ಇದಕ್ಕಲ್ಲ."

ಅವಳು ಆ ಗಡುಸು ಪಟ್ಟಿಯಿಂದಲೇ ಮುದುಕನ ಕೆನ್ನೆಗೆ ಬೀಸಿ ಹೊಡೆದಳು. ಅವನ ತುಟಿ ಒಡೆಯಿತು. ಅವನು ತೋಳಿನಿಂದ ಒರೆಸಿಕೊಂಡು ಹೊರಟುಹೋದ.

ಮಾತಾಡಬಾರದೆಂಬ ಆಣೆ ಕುಣಿಯುವವರಿಗೆ ಮಾತ್ರ. ಬಾರಿಸುವವರಿಗೆ ಅದು ತಗುಲುವುದಿಲ್ಲ. ಅವರು ಜಿಪ್ಸಿಗಳೆಂದು ಕರೆಯುವ ರೋಮಾ ಜನರ ಕೇರಿಯ ಮುಸಲ್ಮಾನರು. ಸ್ಮೊಲಿಚ್ ತಂಡದ ಡೋಲಿನವನು ಅಸಾನ್. "ನಮಗೆ ವರ್ಷ ಪೂರ್ತಿ ದೀಕ್ಷಾಸ್ನಾನ ಇಲ್ಲ, ನಮ್ಮನ್ನ ಕಂಡ್ರೆ ದೆವ್ವಕ್ಕೇ ಬೇಜಾರು" ಎಂದು ನಗಿಸುತ್ತಿದ್ದವನು. ರೂಷಾ ಅವನನ್ನು ಒಲೆಗೆ ಸೌದೆ ಒಡೆಯಬೇಕೆಂದು ಕರೆಸಿದಳು. ಅವನು ಬಂದು ಕೊಡಲಿ ಎಲ್ಲಿ ಎಂದು ಕೇಳುವಷ್ಟರಲ್ಲಿ ಅವನ ಮಣಿಕಟ್ಟು ಹಿಡಿದು ಕೊಪ್ಪರಿಗೆಯ ಅಂಚಿಗೆ ಎಳೆದಳು. ನೀರು ಕೊತಕೊತ ಕುದಿಯುತ್ತಿತ್ತು.

"ಕೈ ಬೇಕೋ, ಕೊಂದವನ ಹೆಸರು ಬಚ್ಚಿಟ್ಕೋತೀಯೋ?"

"ಅತ್ತೆ, ಅತ್ತೆ! ನನ್ನ ಅನ್ನ ಇರೋದೇ ಈ ಕೈಯಲ್ಲಿ."

"ಗೊತ್ತು. ಅದಕ್ಕೇ ಹಿಡಿದಿದ್ದು."

"ಗುಶು! ಕುಂಬಾರ ಗುಶು. ಬಿಡು ಅತ್ತೆ!"

ಅವಳು ಬಿಡಲಿಲ್ಲ. "ಮಂಜಿತ್ತು ಅಂದ ವಾನೆ. ಮಂಜು ಪ್ರತಿ ವರ್ಷ ಇರುತ್ತೆ. ಇಷ್ಟು ವರ್ಷ ಆಗದ್ದು ಈ ವರ್ಷ ಹೇಗೆ ಎದುರಾದ್ರಿ?"

ಹಬೆ ತಾಗಿ ಅಸಾನನ ಬೆರಳು ಕೆಂಪಾಗಿತ್ತು. ಅವನು ಎಲ್ಲವನ್ನೂ ಕಕ್ಕಿದ. ಮೇಲೂರಿನ ತಂಡಕ್ಕೆ ಓಲಗ ಊದುವವನು ಅಸಾನನ ಹೆಂಡತಿಯ ಅಣ್ಣ ರಮೀಜ್. ಪ್ರತಿ ವರ್ಷ ಹೊರಡುವ ಮುಂಚೆ ಭಾವ ಭಾವಮೈದುನ ಕೂತು, ಯಾರು ಯಾವ ದಿನ ಯಾವ ದಾರಿ ಎಂದು ಮಾತಾಡಿಕೊಳ್ಳುತ್ತಿದ್ದರು. ಬಾರಿಸುವವರೇ ಮುಂದೆ ನಡೆಯುವುದರಿಂದ ಅವರು ಹೋದ ಕಡೆ ತಂಡ ಹೋಗುತ್ತಿತ್ತು. ಕತ್ತಿ ಹಿಡಿದ ವೀರರೆಲ್ಲ ಇಷ್ಟು ಕಾಲ ಬದುಕಿ ಉಳಿದದ್ದು ದೇವರ ದಯೆಯಿಂದಲ್ಲ, ಈ ಇಬ್ಬರ ಮಾತುಕತೆಯಿಂದ. ಈ ಸಲ ಮಂಜಿನಲ್ಲಿ ರಮೀಜ್ ದಾರಿ ತಪ್ಪಿದ, ಅಷ್ಟೇ.

"ಇದು ಹೊರಗೆ ಬಿದ್ರೆ ಎರಡೂ ಊರಿನವರು ಸೇರಿ ನಮ್ಮ ಚರ್ಮ ಸುಲಿದು ಡೋಲಿಗೆ ಕಟ್ತಾರೆ ಅತ್ತೆ. ದಮ್ಮಯ್ಯ ಅಂತೀನಿ."

"ಕಟ್ಟಲಿ. ನಿನ್ನದು ಒಳ್ಳೆ ದಪ್ಪ ಚರ್ಮ" ಎಂದು ರೂಷಾ ಅವನ ಕೈ ಬಿಟ್ಟಳು.

ಹಿಮ ಕರಗಿದ ಮೇಲೆ ಅವಳು ಒಬ್ಬಳೇ ಕೋಲೂರಿಕೊಂಡು ಮೇಲೂರಿಗೆ ಹತ್ತಿದಳು. ಗುಡ್ಡದ ಮೇಲೆ ಬಾಳುವ ವ್ಲಾಖ ಜನರು ತಮ್ಮೊಳಗೆ ಆಡುವುದು ಬೇರೆ ಮಾತಾದರೂ ಮಡಕೆ ಮಾರಲು ಕೆಳಗಿಳಿಯಬೇಕಾದ್ದರಿಂದ ನಮ್ಮ ಮಾತು ಅವರಿಗೆ ಸಲೀಸು. ಗುಶು ತಿಗರಿಯ ಮುಂದೆ ಕೂತಿದ್ದ. ಅಗಲ ಮುಖದ, ನಿಧಾನದ ಮನುಷ್ಯ. ಆಗತಾನೆ ಸುಟ್ಟು ತೆಗೆದ ಹೂಜಿಗಳನ್ನು ಗೋಡೆಯುದ್ದಕ್ಕೂ ಸಾಲಾಗಿ ಇಟ್ಟಿದ್ದರು.

"ಹೂಜಿ ಬೇಕಾ ಅತ್ತೆ?" ಎಂದ.

"ನನ್ನ ಮಗನ್ನ ಎಲ್ಲಿಗೆ ಹೊಡೆದೆ? ಎದೇಗಾ, ಬೆನ್ನಿಗಾ?"

ತಿಗರಿ ನಿಂತಿತು. ಗುಶು ಕೈಯ ಮಣ್ಣನ್ನು ಮೊಣಕಾಲಿಗೆ ಒರೆಸಿಕೊಂಡ. "ಅದನ್ನ ಕೇಳಬಾರದು. ಆ ದಿನಗಳಲ್ಲಿ ನಾನು ನಾನಲ್ಲ, ಅವನು ಅವನಲ್ಲ."

"ಹಾಗಾದ್ರೆ ಹೂತಿರೋದು ಯಾರನ್ನ?"

ಅವನು ತಿಗರಿಯ ಮೇಲಿನ ಹಸಿಮಣ್ಣನ್ನು ಅದುಮಿ ಮುದ್ದೆ ಮಾಡಿದ. ಆಮೇಲೆ, "ಕುತ್ತಿಗೆಗೆ" ಎಂದ.

"ಕೂಗಿದನಾ?"

"ಇಲ್ಲ."

"ಸರಿ" ಎಂದಳು ರೂಷಾ, ಮಗ ಕೂಗಲಿಲ್ಲ ಎಂಬುದು ಸರಿಯಾದ ಲೆಕ್ಕವೆಂಬಂತೆ. ಆಮೇಲೆ ಕೋಲೆತ್ತಿ ಹೂಜಿಗಳ ಸಾಲನ್ನು ಒಂದು ಕೊನೆಯಿಂದ ಒಡೆಯುತ್ತ ಹೋದಳು. ಒಳಗಿಂದ ಗುಶುವಿನ ಹೆಂಡತಿ ಹಿಟ್ಟಿನ ಕೈಯಲ್ಲೇ ಓಡಿಬಂದಳು.

"ಅಯ್ಯೋ ಹುಚ್ಚು ಮುದುಕಿ! ನಿನ್ನ ಕೈ ಮುರಿಯ! ಏನ್ರೀ, ನೋಡ್ತಾ ಕೂತಿದ್ದೀರಲ್ಲ, ಹಿಡೀರಿ ಅವಳನ್ನ!"

"ಒಡೀಲಿ ಬಿಡೇ" ಎಂದ ಗುಶು.

ಆ ಮಾತು ರೂಷಾಳಿಗೆ ಬೆಂಕಿ ಹಚ್ಚಿತು. "ನಿನ್ನ ಅಪ್ಪಣೆ ತಗೊಂಡು ಒಡೀಬೇಕೇನೋ ನಾನು?" ಎಂದು ಕೋಲನ್ನು ಅವನ ಹಣೆಗೆ ಬಿಟ್ಟಳು. ಚರ್ಮ ಸೀಳಿ ರಕ್ತ ಕಣ್ಣಿಗಿಳಿಯಿತು. ಅವನು ಕೈ ಎತ್ತಲಿಲ್ಲ. ಇನ್ನೊಂದು ಬಿಟ್ಟಳು. ಆಗಲೂ ಎತ್ತಲಿಲ್ಲ. "ತಿಂದುಕೋ. ಇದು ಹೂಜಿಗಲ್ಲ, ನನ್ನ ಮಗನಿಗೂ ಅಲ್ಲ. ಅವನದ್ದು ಬಾಕಿ ಇದೆ" ಎಂದು ಉಗುಳಿ ಇಳಿದುಬಂದಳು.

ಸತ್ತವನ ಜಾಗ ಅವನ ತಮ್ಮನದು. ತಂಡ ಜೋಡಿಯಿಲ್ಲದೆ ಕುಣಿಯುವಂತಿಲ್ಲ. ಸೇಡಿಗೆ ಕುಣಿಯುವ ತಂಡ ಇದಲ್ಲ ಎಂದು ವಾನೆ ಎಷ್ಟು ಗೊಣಗಿದರೂ ಪದ್ಧತಿ ರೂಷಾಳ ಕಡೆಗಿತ್ತು. ಗೋನೊ ಮಾತ್ರ ಒಪ್ಪಲಿಲ್ಲ.

"ನನ್ನ ಕೈಲಾಗಲ್ಲ ಅವ್ವಾ."

"ಬೇಸಿಗೆ ಬಂದ್ರೆ ರಾಶಿ ರಾಶಿ ಹುಳ ಬೇಯಿಸ್ತೀಯಲ್ಲ, ಅದು ಹೇಗೆ ಆಗುತ್ತೆ?"

"ಅವು ಗೂಡಿನೊಳಗಿರ್ತವೆ. ಕಾಣಲ್ಲ."

"ಹಾಗಾದ್ರೆ ಕಣ್ಣು ಮುಚ್ಕೊಂಡು ಹೊಡಿ."

ಅವನು ಗಡಿಯಾಚೆಗೆ ಕೂಲಿಗೆ ಓಡಿಹೋಗಲು ನೋಡಿದ. ಅವಳು ರೈಲು ನಿಲ್ದಾಣದಿಂದ ಕೂದಲು ಹಿಡಿದು ಎಳೆದುತಂದಳು. ಹುಳುಮನೆಯಲ್ಲಿ ಕೂಡಿಹಾಕಿ, ಬೆನ್ನ ಮೇಲೆ ರಾಟೆಯ ಹಿಡಿಕೆ ಮುರಿದಳು. ಆಮೇಲೆ ಹೊಸ ಹಿಡಿಕೆ ಮಾಡಿಸಿದಳು. ಅಣ್ಣನ ಕತ್ತಿಯನ್ನು ಕೈಗಿಟ್ಟು ಮೊದಲು ಜೋಳದ ದಂಟು, ಆಮೇಲೆ ಹುಂಜ, ಆಮೇಲೆ ಟಗರು ಕಡಿಯಲು ಹಚ್ಚಿದಳು. ಟಗರು ಒಂದೇ ಪೆಟ್ಟಿಗೆ ಸಾಯದೆ ಕುತ್ತಿಗೆ ಜೋತಾಡಿಸುತ್ತ ಅಂಗಳ ತುಂಬ ಓಡಿದಾಗ ಗೋನೊ ಗೋಡೆಗೆ ಹಣೆ ಒತ್ತಿ ವಾಂತಿ ಮಾಡಿದ. "ಮುಗಿಸು. ನೀನು ಶುರು ಮಾಡಿದ್ದು ನೀನೇ ಮುಗಿಸು" ಎಂದು ಅವಳು ದಾರಿಗೆ ಅಡ್ಡ ನಿಂತಳು. ಅವನು ಮುಗಿಸಿದ. ಶರತ್ಕಾಲದ ಹೊತ್ತಿಗೆ ವಾಂತಿ ನಿಂತಿತು. ಕ್ರಿಸ್ತ ಹುಟ್ಟಿದ ಹಬ್ಬಕ್ಕೆ ಮುಂಚೆ ಮನೆಯ ಹಂದಿ ಕಡಿಯುವ ದಿನ ನೆರೆಯವರು ಹಗ್ಗ ಹಿಡಿಯಲು ಬಂದರೆ, ಬೇಡವೆಂದು ಅವರನ್ನು ದೂರ ಕಳಿಸಿ, ಒಬ್ಬನೇ ಹಂದಿಯನ್ನು ಮೊಣಕಾಲಲ್ಲಿ ಅದುಮಿ, ನಿಧಾನವಾಗಿ ಕೆಲಸ ಮುಗಿಸಿದ.

"ನಿನ್ನ ಮಗ ಗಂಡಸಾದ ಕಣೆ ರೂಷಾ" ಎಂದರು ನೆರೆಯವರು.

ರೂಷಾ ಕೆಂಡದ ಮೇಲೆ ಸುಟ್ಟ ಈಲಿಯ ಮೊದಲ ತುಂಡನ್ನು ಅವನ ತಟ್ಟೆಗೆ ಹಾಕಿದಳು. ಅದು ದೀನೆಯ ತಟ್ಟೆಗೆ ಬೀಳುತ್ತಿದ್ದ ತುಂಡು.

ತಂಡ ಹೊರಡುವ ಮುಂಚೆ ಅವಳು ಅಸಾನನ ಮನೆಗೆ ಹೋದಳು. ಅವನು ಅವಳನ್ನು ಕಂಡ ಕೂಡಲೇ ಎರಡೂ ಕೈಗಳನ್ನು ಕಂಕುಳಲ್ಲಿ ಅಡಗಿಸಿಕೊಂಡ.

"ಹೆದರಬೇಡ. ಈ ವರ್ಷ ಭಾವನ ಹತ್ರ ಮಾತಾಡಿಕೋ" ಎಂದಳು. "ಎಲ್ಲಿ ಸೇರಬಾರದು ಅಂತಲ್ಲ, ಎಲ್ಲಿ ಸೇರಬೇಕು ಅಂತ. ಗಿರಣಿ ಹಿಂದಿನ ಓಣಿ ಒಳ್ಳೇದು. ಎರಡೂ ಕಡೆ ಕಲ್ಲುಗೋಡೆ, ಯಾರೂ ಪಕ್ಕಕ್ಕೆ ಸರಿಯೋಕಾಗಲ್ಲ. ಆಗಲ್ಲ ಅಂದ್ರೆ ನಿಮ್ಮಿಬ್ಬರ ಗುಟ್ಟು ಚರ್ಚಿನ ಮುಂದೆ ನಿಂತು ಹೇಳ್ತೀನಿ."

"ನಿನ್ನ ಇನ್ನೊಬ್ಬ ಮಗ ಸತ್ರೆ ಅತ್ತೆ?"

"ಸತ್ರೆ ಸಾಯ್ತಾನೆ. ಗುಶು ಉಳೀಬಾರದು."

ಅಸಾನ್ ಕಂಕುಳಿಂದ ಕೈ ತೆಗೆದು, ರಮೀಜನಿಗೆ ಹೇಳಿಕಳಿಸಲು ಎದ್ದ.

ಗೊತ್ತುಮಾಡಿದ ದಿನ ರೂಷಾ ಬೆಳಿಗ್ಗೆಯೇ ಬಂದು ಓಣಿಯ ಗೋಡೆಯ ಹಿಂದೆ ಕೂತಳು. ನೆಲ ಹೆಪ್ಪುಗಟ್ಟಿತ್ತು. ವರ್ದಾರ್ ಕಡೆಯ ಗಾಳಿ ಒಣ ಮರಗಳನ್ನು ಅಲುಗಿಸುತ್ತಿತ್ತು. ಮೊದಲು ಕೆಳಗಿಂದ ಅಸಾನನ ಡೋಲು, ಸ್ವಲ್ಪ ಹೊತ್ತಿಗೆ ಮೇಲಿಂದ ರಮೀಜನ ಓಲಗ ಕೇಳಿಸಿತು. ಎರಡು ಸಾಲುಗಳೂ ಓಣಿಯ ನಡುವೆ ಮುಖಾಮುಖಿಯಾಗಿ ನಿಂತವು.

ಮುದುಕ ವಾನೆ ಬಗ್ಗಲು ಸಿದ್ಧನಾಗಿದ್ದ. ಅವನು ಕತ್ತಿಯ ತುದಿಯನ್ನು ನೆಲಕ್ಕಿಳಿಸಿ ಒಂದು ಹೆಜ್ಜೆ ಮುಂದಿಟ್ಟ. ಅಷ್ಟರಲ್ಲಿ ಹಿಂದಿನ ಜೋಡಿಯಿಂದ ಗೋನೊ ಸಾಲು ಒಡೆದು ಮುಂದೆ ಹಾರಿ ವ್ಲಾಖರ ಮೊದಲನೆಯವನ ಭುಜ ಕಡಿದ. ಅಲ್ಲಿಗೆ ಬಗ್ಗುವ ಮಾತು ಮುಗಿಯಿತು.

ಯಾರೂ ಕೂಗಲಿಲ್ಲ, ಯಾರೂ ಬೈಯಲಿಲ್ಲ. ಇಷ್ಟು ಜನ ಗಂಡಸರು ಒಬ್ಬರನ್ನೊಬ್ಬರು ಕಡಿಯುವಾಗ ಬಾಯಿಂದ ಬರುವುದು ಬರೀ ಹಬೆ. ಕಬ್ಬಿಣದ ಸದ್ದು, ಹೆಪ್ಪು ನೆಲದ ಮೇಲೆ ಜಾರುವ ಕಾಲುಗಳ ಸದ್ದು, ಅದರ ಮೇಲೆ ಡೋಲು. ಒಬ್ಬನ ಬೆರಳುಗಳು ಕತ್ತಿಯ ಹಿಡಿಯ ಜೊತೆಗೇ ಕಳಚಿ ಬಿದ್ದವು. ಅವನು ಬಗ್ಗಿ ಅವನ್ನು ಎಡಗೈಯಲ್ಲಿ ಹೆಕ್ಕತೊಡಗಿದ. ಇನ್ನೊಬ್ಬ ಗೋಡೆಗೊರಗಿ, ಹೊಟ್ಟೆಯನ್ನು ಎರಡೂ ಕೈಯಿಂದ ಒತ್ತಿ ಹಿಡಿದು ಮೆಲ್ಲಗೆ ಕೂತ. ವಾನೆಯ ಕಾಲು ಮುರಿದಿತ್ತು. ರಮೀಜನ ಜೊತೆಯ ಡೋಲಿನವನು ಹೊಡೆತ ಶುರುವಾಗುತ್ತಲೇ ಡೋಲನ್ನು ಎಸೆದು ಗೋಡೆ ಹಾರಿ ಓಡಿದ್ದ. ರಮೀಜ್ ಓಲಗವನ್ನು ಎದೆಗವಚಿಕೊಂಡು ಮುದುರಿದ್ದ. ಬಾರಿಸುತ್ತಿದ್ದವನು ಅಸಾನ್ ಒಬ್ಬನೇ. ಡೋಲು ಬಾರಿಸುತ್ತಿರುವವರೆಗೆ ನಡೆದದ್ದೆಲ್ಲ ರುಸಾಲಿಗಳ ಕೆಲಸ, ಯಾರ ಪಾಪವೂ ಅಲ್ಲ. ಡೋಲು ನಿಂತ ಮೇಲೆ ಬೀಳುವ ಪೆಟ್ಟು ಬರೀ ಕೊಲೆ, ಹೊಡೆದವನ ತಲೆಯ ಮೇಲೆ. ಆದ್ದರಿಂದ ತಂಡಗಳ ಮುಖ್ಯಸ್ಥರು ಕತ್ತಿ ತಗ್ಗಿಸುವ ತನಕ ಡೋಲಿನವನು ನಿಲ್ಲಿಸುವಂತಿಲ್ಲ, ನಿಲ್ಲಿಸಿದರೆ ಅವನಿಗೆ ಆ ಊರಿನಲ್ಲಿ ಮತ್ತೆ ಕೆಲಸವಿಲ್ಲ.

ಗುಶು ಒಳ್ಳೆಯ ಕತ್ತಿಗಾರ, ಆದರೆ ಅವನು ಗೋನೊನನ್ನು ತಡೆಯುತ್ತಿದ್ದನೇ ಹೊರತು ಹೊಡೆಯುತ್ತಿರಲಿಲ್ಲ. ಗೋನೊನ ಒಂದು ಕಿವಿ ಅರ್ಧ ಹರಿದದ್ದು ಇನ್ನಾರದೋ ಕತ್ತಿಗೆ. ಅವನಿಗೆ ಅದು ಗೊತ್ತಾದಂತೆ ಕಾಣಲಿಲ್ಲ. ಅವನು ಮೊದಲು ಗುಶುವಿನ ಮಣಿಕಟ್ಟಿಗೆ ಹೊಡೆದ, ಕತ್ತಿ ಬಿತ್ತು. ಆಮೇಲೆ ಮೊಣಕಾಲಿನ ಹಿಂದೆ ಹೊಡೆದ, ಗುಶು ಬಿದ್ದ.

ರೂಷಾ ಆಗ ಗೋಡೆ ದಾಟಿ ಓಣಿಗಿಳಿದಳು. ಹೆಂಗಸು ತಂಡದ ನಡುವೆ ಕಾಲಿಡಬಾರದು; ಅದನ್ನು ನೆನೆಯುವ ಸ್ಥಿತಿಯಲ್ಲಿ ಅಲ್ಲಿ ಯಾರೂ ಇರಲಿಲ್ಲ. ಗುಶು ತನ್ನನ್ನು ನೋಡಿಯೇ ಸಾಯಬೇಕು ಎಂಬುದಷ್ಟೇ ಅವಳಿಗೆ ಬೇಕಾಗಿತ್ತು. ಅವನು ನೋಡಿದ. ಹಣೆಯ ಮೇಲೆ ಅವಳ ಕೋಲಿನ ಗುರುತು ಬೆಳ್ಳಗೆ ಗೆರೆಯಾಗಿ ಉಳಿದಿತ್ತು. ತುಟಿ ಬಿಗಿದುಕೊಂಡೇ ಇದ್ದ.

ಅವಳು ಗೋನೊನ ಕಡೆ ತಿರುಗಿದಳು. ತಾಯಿ ಬಂದದ್ದು ಅವನಿಗೆ ಕಾಣದೆ ಇರಲು ಸಾಧ್ಯವಿರಲಿಲ್ಲ, ಇಬ್ಬರ ನಡುವೆ ಒಂದು ಮಾರು ಕೂಡ ಇರಲಿಲ್ಲ. ಆದರೂ ಅವನು ಅವಳನ್ನು ನೋಡಲಿಲ್ಲ. ಅವಸರವೇ ಇಲ್ಲದೆ, ಪಾದದಿಂದ ಗುಶುವಿನ ಗಲ್ಲವನ್ನು ಒಂದು ಪಕ್ಕಕ್ಕೆ ಹೊರಳಿಸಿ, ಕುತ್ತಿಗೆ ಚೆನ್ನಾಗಿ ಕಾಣುವಂತೆ ಮಾಡಿದ. ಕತ್ತಿಯನ್ನು ಎರಡೂ ಕೈಯಲ್ಲಿ ಹಿಡಿದ. ಹಿಡಿತ ಸರಿಬರಲಿಲ್ಲವೆಂದು ಒಂದು ಅಂಗೈಯ ರಕ್ತವನ್ನು ತೊಡೆಗೆ ಒರೆಸಿಕೊಂಡು ಮತ್ತೆ ಹಿಡಿದ. ಅವನ ಮುಖದಲ್ಲಿ ಸಿಟ್ಟಿರಲಿಲ್ಲ. ಅವನು ಕಣ್ಣು ಮುಚ್ಚಿಕೊಳ್ಳಲೂ ಇಲ್ಲ. ಹಂದಿ ಕಡಿದ ದಿನದ ಮುಖವೇ ಅದು; ಅದನ್ನು ಮಾಡಿದ್ದು ತಾನು ಎಂದು ರೂಷಾಳಿಗೆ ಈಗ ಕಂಡಿತು.

ರೂಷಾ ಮಗನ ಪಕ್ಕದಿಂದ ಸರಿದು, ಗೋಡೆಗೆ ಬೆನ್ನು ಕೊಟ್ಟು ಬಾರಿಸುತ್ತಿದ್ದ ಅಸಾನನ ಹತ್ತಿರ ನಡೆದಳು. ಅವನು ಕೋಲು ನಿಲ್ಲಿಸದೆ ಹಿಂದಕ್ಕೆ ಒತ್ತಿಕೊಂಡ. ಅವಳು ಕೈ ಚಾಚಿ ಅಂಗೈಯನ್ನು ಡೋಲಿನ ಚರ್ಮದ ಮೇಲೆ ಅಗಲವಾಗಿ ಇಟ್ಟಳು. ಕೋಲು ಅವಳ ಗೆಣ್ಣುಗಳ ಮೇಲೆ ಬಿತ್ತು. ಅಭ್ಯಾಸಬಲದಿಂದ ಇನ್ನೊಮ್ಮೆ ಬಿತ್ತು, ಆಮೇಲೆ ಡೋಲು ನಿಂತಿತು; ಗೋನೊನ ಕತ್ತಿ ಇನ್ನೂ ಬಿದ್ದಿರಲಿಲ್ಲ. ಅವಳು ಕೈ ತೆಗೆಯಲಿಲ್ಲ.